ನಾನೂರೈವತ್ತು ಡಿಗ್ರಿಯ ಭತ್ತ

ಸಿಂಧನೂರಿನಲ್ಲಿ ಭತ್ತ ಒಣಗಿಸುವ ಯಂತ್ರ ತಯಾರಿಸುವ ದೊಡ್ಡಬಸಪ್ಪನವರ ಕಾರ್ಖಾನೆಯಲ್ಲಿ ಇಬ್ಬರು ಪ್ರೋಗ್ರಾಮರುಗಳಿದ್ದರು. ಎಷ್ಟು ಡಿಗ್ರಿ ಕಾವು ಬೇಕೆಂದು ಒತ್ತುವ ಪರದೆ ಶಿವಕಾಂತನದು. ಆ ಅಂಕಿಯನ್ನು ಬರ್ನರ್‌ಗೆ ಮುಟ್ಟಿಸುವ ಡ್ರೈವರ್ ಪ್ರೋಗ್ರಾಂ ಶೈಲಜಾಳದು. ಅಂಕಿ ಸರಿಯಿದೆಯೇ ಎಂದು ನೋಡುವ ಕೆಲಸ ಯಾರದೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ. ಅವನು ನೋಡಿರುತ್ತಾನೆಂದು ಅವಳು, ಅವಳು ನೋಡುತ್ತಾಳೆಂದು ಅವನು ನೆಮ್ಮದಿಯಾಗಿ ಚಹಾ ಕುಡಿದಿದ್ದರು.

ಒಂದು ಬೆಳಿಗ್ಗೆ, ಈ ಯಂತ್ರ ಕೊಂಡಿದ್ದ ಬಳಗಾನೂರಿನ ಮಿಲ್ಲಿನಲ್ಲಿ ಅದನ್ನು ನೋಡಿಕೊಳ್ಳುವ ಗ್ಯಾನಮ್ಮ ನಲವತ್ತೈದು ಒತ್ತುವಾಗ ಕೈ ತಾಗಿ ಕೊನೆಗೊಂದು ಸೊನ್ನೆಯೂ ಬಿದ್ದು ನಾನೂರೈವತ್ತಾಯಿತು. ಪರದೆ ತೆಗೆದುಕೊಂಡಿತು, ಡ್ರೈವರ್ ತಲೆಬಾಗಿತು, ಬರ್ನರ್ ಉರಿದೇ ಉರಿಯಿತು. ಭತ್ತ ಚಟಪಟ ಸಿಡಿದು ಅರಳಾಗಿ, ಆಮೇಲೆ ಕರಕಲಾಗತೊಡಗಿದಾಗ ಗ್ಯಾನಮ್ಮ ಓಡಿ ಮೇನ್ ಸ್ವಿಚ್ ಎಳೆದಳು.

ಮರುದಿನ ಮಿಲ್ಲಿನಲ್ಲೇ ವಿಚಾರಣೆ. ಪರದೆ ಚೆಂದ ಕಾಣಬೇಕಷ್ಟೆ, ತಪಾಸಣೆ ಅದರ ಕೆಲಸವಲ್ಲ ಎಂದ ಶಿವಕಾಂತ. ಡ್ರೈವರ್ ಬಂದ ಹುಕುಂ ಪಾಲಿಸುತ್ತದಷ್ಟೆ ಎಂದಳು ಶೈಲಜಾ. ಇಬ್ಬರೂ ಇಂಗ್ಲಿಷಿನಲ್ಲಿ ಹೇಳಿದ್ದರಿಂದ ದೊಡ್ಡಬಸಪ್ಪನವರಿಗೆ ಎರಡೂ ಸರಿ ಅನ್ನಿಸಿತು. ತಪ್ಪು ಗ್ಯಾನಮ್ಮನದೆಂದು ತೀರ್ಮಾನವಾಗುವುದರಲ್ಲಿತ್ತು.

“ನನ್ನ ಬೆರಳು ತಪ್ಪಿದ್ದು ಖರೇ ರೀ,” ಎಂದಳು ಗ್ಯಾನಮ್ಮ. “ಆದ್ರ ನಾನೂರೈವತ್ತು ಹಚ್ಚು ಅಂತ ಮಿಲ್ಲಿನ ಸಾವ್ಕಾರ್ರು ನನಗ ಹೇಳಿದ್ರ, ಯಾಕ್ರೀ ಅಂತ ನಾ ಕೇಳ್ತಿದ್ದೆ. ನಿಮ್ಮ ಮಷಿನ್ ಕೇಳಲಿಲ್ಲಲ್ಲ.”

ಶೈಲಜಾಳ ಮುಖ ಬಿಸಿಯಾಯಿತು. ‘ಇಲ್ಲಿಗೆ ಬರುವ ಅಂಕಿಗಳೆಲ್ಲ ಸರಿಯಾಗಿರುತ್ತವೆ’ ಎಂದು ಪ್ರೋಗ್ರಾಮಿನ ನೆತ್ತಿಯ ಮೇಲೆ ತಾನೇ ಬರೆದದ್ದು ನೆನಪಾಯಿತು.

“ಉರಿ ಹಚ್ಚೋದು ನನ್ನ ಡ್ರೈವರ್,” ಎಂದಳು. “ಕೇಳಬೇಕಾಗಿದ್ದು ನಾನ.”

ಅಂದೇ ಕೂತು, ಅರವತ್ತು ದಾಟಿದ ಅಂಕಿ ಯಾವ ದಾರಿಯಿಂದ ಬಂದರೂ ಬರ್ನರ್ ಮುಟ್ಟದಂತೆ ಡ್ರೈವರಿನಲ್ಲೇ ತಡೆ ಹಾಕಿದಳು. ಪರದೆಯಲ್ಲೂ ಒಂದು ತಡೆಯಿರಲಿ ಎಂದು ಅವಳು ಹೇಳಿದ್ದಕ್ಕೆ, ಒಂದೇ ಕೆಲಸ ಎರಡು ಸಲ ಯಾಕೆಂದ ಶಿವಕಾಂತ.

ತಿಂಗಳೊಳಗೆ ಅವನು ಮೊಬೈಲಿನಿಂದಲೇ ಯಂತ್ರ ನಡೆಸುವ ಆ್ಯಪ್ ಮಾಡಿ, ಲಿಂಗಸುಗೂರಿನಲ್ಲಿ ಡೀಲರುಗಳೆದುರು ತೋರಿಸಲು ನಿಂತ. ಗಡಿಬಿಡಿಯಲ್ಲಿ ಐನೂರು ಒತ್ತಿದ. ಡ್ರೈವರ್ ಒಪ್ಪಲಿಲ್ಲ, ಯಂತ್ರ ಕೆಂಪು ದೀಪ ಹಚ್ಚಿ ಸುಮ್ಮನೆ ನಿಂತಿತು. ಎಂಥ ಸುರಕ್ಷಿತ ಆ್ಯಪ್ ಎಂದು ಡೀಲರುಗಳು ಚಪ್ಪಾಳೆ ತಟ್ಟಿದರು. ದೊಡ್ಡಬಸಪ್ಪನವರು ಶಿವಕಾಂತನಿಗೆ ಶಾಲು ಹೊದಿಸಿದರು. ಅವನು ಬೇಡವೆನ್ನಲಿಲ್ಲ.

ಹಿಂದಿನ ಸಾಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದ ಶೈಲಜಾಗೆ ಸಿಟ್ಟೂ ಬಂತು, ನಗುವೂ ಬಂತು. ಆ ಕೆಂಪು ದೀಪ ಹಚ್ಚಿಸಿದ್ದು ತಾನೆಂದು ಪಕ್ಕದ ಡೀಲರನಿಗೆ ಹೇಳಿದಳು. ಆತ ವಿಚಾರ ಮಾಡಿ, ದೀಪ ಹಸಿರಿದ್ದರೆ ಇನ್ನೂ ಚೆಂದ ಕಾಣುತ್ತಿತ್ತು ಎಂದ.