ತಪಸ್ಸುಕಾಲದ ಹುಂಜ

ದಾಸಪ್ಪ ಹುಂಜದ ಬೆನ್ನಟ್ಟಿದ್ದ. ಅದು ಬಣವೆಯ ಹಿಂದೆ ನುಗ್ಗಿತು, ಇವನೂ ನುಗ್ಗಿದ. “ಕೂತ್ಕಳ್ರಿ ಮೇಷ್ಟ್ರೇ, ಇನ್ನೇನು ಸಿಕ್ತು” ಎಂದು ಅಲ್ಲಿಂದಲೇ ಕೂಗಿದ.

ಜ್ಞಾನಪ್ರಕಾಶ ಜಗಲಿಯ ಮೇಲೆ ಕುಳಿತೇ ಇದ್ದ. ಹೇಳಬೇಕಾದದ್ದು ಒಂದೇ ವಾಕ್ಯ: ಶಾಲೆಯ ಆ ಮೈಕ್ರೋಸ್ಕೋಪನ್ನು ಕೆಡವಿ ಒಡೆದವನು ನಾನು. ಚನ್ನಗಿರಿಯಿಂದ ಜಗಳೂರಿನ ಈ ಹಳ್ಳಿಯವರೆಗೆ, ಎರಡು ಬಸ್ಸು ಹತ್ತಿಳಿದು, ಅದನ್ನೇ ಬಾಯಿಪಾಠ ಮಾಡುತ್ತ ಬಂದಿದ್ದ.

ಎಮರ್ಜೆನ್ಸಿಯ ದಿನಗಳು ಅವು. ವಿಚಾರಣೆ ಹದಿನೈದು ನಿಮಿಷದಲ್ಲಿ ಮುಗಿದಿತ್ತು. ಪ್ರಯೋಗಾಲಯದ ಬೀಗದ ಕೈ ಇದ್ದದ್ದು ಇಬ್ಬರಲ್ಲಿ, ವಿಜ್ಞಾನದ ಮೇಷ್ಟರಾದ ಅವನು ಮತ್ತು ಜವಾನ ದಾಸಪ್ಪ. ಜವಾನನ ಕೆಲಸ ಹೋಯಿತು. ಅವನ ಖಾಕಿ ಅಂಗಿ ನಾಲ್ಕು ವರ್ಷಗಳ ನಂತರವೂ ಈ ಮನೆಯ ಒಳಗೋಡೆಯ ಗೂಟದಲ್ಲಿ ತೂಗುತ್ತಿತ್ತು.

ಈಸ್ಟರಿನ ಪಾಸ್ಖ ಹಬ್ಬಕ್ಕೆ ಮುಂಚಿನ ಈ ತಪಸ್ಸುಕಾಲದ ಮೊದಲ ವಾರ ಚರ್ಚಿನ ಪಾಪನಿವೇದನೆಯಲ್ಲಿ ಅದನ್ನು ಉಸುರಿದಾಗ, ಪಾದ್ರಿಗಳು ಜಾಲರಿಯಾಚೆಯಿಂದ ಹೇಳಿದ್ದರು: “ನನಗೆ ಹೇಳಿದರೆ ಮುಗಿಯಲಿಲ್ಲ. ಅವನ ಮುಂದೆ ಹೇಳಿ ಬನ್ನಿ. ಆಮೇಲೆ ಪಾಸ್ಖ ಹಬ್ಬ.” ಗುರು ಏಸು ಸೆರೆಯಾದಾಗ ಹೆದರಿದ ಶಿಷ್ಯ ಪೇತ್ರ, ಕೋಳಿ ಕೂಗುವ ಮುನ್ನ ಮೂರು ಸಲ, ‘ಅವನನ್ನು ನಾನರಿಯೆ’ ಎಂದ ಕಥೆ ವರ್ಷವರ್ಷವೂ ಕೇಳಿದ್ದೇ. ಈ ಸಲ ಮಾತ್ರ ಅದು ಅವನ ನಿದ್ದೆ ಕೆಡಿಸಿತ್ತು.

ದಾಸಪ್ಪನ ಹೆಂಡತಿ ಗಾದ್ರಮ್ಮ ನೀರಿನ ಚೊಂಬು ತಂದಿಟ್ಟಳು. “ಇಷ್ಟು ದೂರ ಬಂದೀರಿ. ಏನಾರ ಕೆಲಸ ಇತ್ತಾ?”

“ಏನಿಲ್ಲಮ್ಮ. ಹಿಂಗೇ.”

ದಾಸಪ್ಪ ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬಂದ.

“ಕೊಯ್ಯಬೇಡ ದಾಸಪ್ಪ. ಶುಕ್ರವಾರ. ನಮಗೀಗ ಉಪವಾಸದ ಕಾಲ, ಮಾಂಸ ಮುಟ್ಟಂಗಿಲ್ಲ.”

“ನೋಡೇ” ಎಂದ ದಾಸಪ್ಪ ಹೆಂಡತಿಗೆ. “ನೇಮದ ಮನುಷ್ಯ. ಅವತ್ತು ಸ್ಟಾಫ್ ರೂಮಿನಾಗೆ ಎಲ್ಲಾರೂ ನನ್ನ ಮೇಲೆ ಒಂದೊಂದು ಅಂದ್ರು. ಇವರೊಬ್ರೇ ತುಟಿ ಬಿಚ್ಚಲಿಲ್ಲ.”

“ಈ ಮಾತು ಕೇಳೀ ಕೇಳೀ ನನ್ನ ಕಿವಿ ತೂತು ಬಿದ್ದಾವೆ ಸಾರ್” ಎಂದಳು ಗಾದ್ರಮ್ಮ.

ಉಪವಾಸಕ್ಕೆ ಒಳ್ಳೆಯವನೆನಿಸುವ ಉಪಯೋಗವೂ ಇದೆಯೆಂದು ಜ್ಞಾನಪ್ರಕಾಶನಿಗೆ ತಿಳಿದಿರಲಿಲ್ಲ.

ದಾಸಪ್ಪ ದನಿ ತಗ್ಗಿಸಿದ. “ಅದನ್ನ ಕೆಡವಿದೋರು ಯಾರಂತ ಆಮೇಲೆ ಗೊತ್ತಾತಾ ಮೇಷ್ಟ್ರೇ?”

ವಾಕ್ಯ ನಾಲಗೆಯ ತುದಿಗೆ ಬಂತು. ಗಾದ್ರಮ್ಮ ಹೊಸ್ತಿಲಲ್ಲೇ ನಿಂತು ಕಾಯುತ್ತಿದ್ದಳು.

“ಇಲ್ಲ.”

“ಹೋಗ್ಲಿ ಬಿಡ್ರಿ. ನಾನಲ್ಲ ಅಂತ ನಿಮಗೆ ಗೊತ್ತಲ್ಲ. ನಂಗೆ ಅಷ್ಟು ಸಾಕು.”

ಅವನು ಹುಂಜದ ಕಾಲು ಕಟ್ಟಿ ಕೈಚೀಲದಲ್ಲಿಟ್ಟು ಮೇಷ್ಟರ ಕೈಗೆ ಕೊಟ್ಟ. “ಹಬ್ಬಕ್ಕೆ ಕೊಯ್ಕಳ್ರಿ. ಅಲ್ಲೀತನಕ ದಿನಾ ಕೂಗಿ ಎಬ್ಬಿಸ್ತಾನೆ.”

ಬಸ್ಸಿನಲ್ಲಿ ಕಂಡಕ್ಟರು ಚೀಲದೊಳಗೆ ಇಣುಕಿದ. “ಇವನಿಗೂ ಟಿಕೆಟ್ ಐತ್ರೀ. ಕಿಟಕಿ ಸೀಟು ಬೇರೆ ಹಿಡಿದಾನೆ.” ಜನ ನಕ್ಕರು.

ಪಕ್ಕದ ರುಮಾಲಿನ ಮುದುಕ ಕುತ್ತಿಗೆ ಚಾಚಿದ. “ದಾಸಪ್ಪನ ಮನೇದಿದ್ದಂಗೈತೆ. ಅದೇ, ಇಸ್ಕೂಲಿನಾಗೆ ಏನೋ ಒಡೆದು ಕೆಲಸ ಕಳಕಂಡನಲ್ಲ. ಗುರ್ತಾ ಸಾರ್?”

“ಯಾವ ದಾಸಪ್ಪ? ಸಂತೇಲಿ ತಗೊಂಡೆ.”

ಹುಂಜ ಚೀಲದಿಂದ ಕತ್ತು ಹೊರಚಾಚಿತು. ರೆಕ್ಕೆ ಬಡಿಯಲು ಜಾಗವಿಲ್ಲದೆ ಎದೆಯುಬ್ಬಿಸಿತು. ಕೂಗಲು ಕೊಕ್ಕು ತೆರೆಯಿತು.

ಜ್ಞಾನಪ್ರಕಾಶನ ಕೈ ತಾನಾಗಿ ಹೋಗಿ ಕೊಕ್ಕನ್ನೂ ಕತ್ತನ್ನೂ ಒಟ್ಟಿಗೆ ಹಿಡಿಯಿತು.

ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗಲೂ ಮುಷ್ಟಿ ಸಡಿಲಲಿಲ್ಲ. ಚನ್ನಗಿರಿಯಲ್ಲಿ ಎಲ್ಲರೂ ಇಳಿದರು. ಅಂಗೈಯೊಳಗೆ ಏನೋ ಬಿಸಿಯಾಗಿ ಮಿಡಿಯುತ್ತಿತ್ತು. ಅದು ಹುಂಜದ ನಾಡಿಯೋ, ತನ್ನ ಬೆರಳುಗಳದ್ದೋ. ಮುಷ್ಟಿ ಬಿಚ್ಚಿದರೆ ತಿಳಿಯುತ್ತಿತ್ತು. ಖಾಲಿ ಬಸ್ಸಿನಲ್ಲಿ ಅವನು ಅದನ್ನು ಇನ್ನಷ್ಟು ಬಿಗಿಮಾಡಿ ಕುಳಿತ.