ತಲೆಗೊಂದು

"ಅರೆದು ಹಚ್ಚಿದಿರಾ?" ಕಾಂಪೌಂಡರ್ ಶಿವಶಂಕರಪ್ಪ ಕೈಯಲ್ಲಿದ್ದ ಸೀಸೆಯನ್ನು ಮೇಜಿನ ಮೇಲೆ ಕುಕ್ಕಿದ. "ಅಯ್ಯೋ ನನ್ನ ಕರ್ಮವೇ! ನುಂಗೋ ಮಾತ್ರೇನ ತಲೆಗೆ ಹಚ್ಚಿದಿರಾ?"

"ಹೂಂ ಕಣಪ್ಪ, ಒಂದಿನಾನೂ ತಪ್ಪಿಸಿಲ್ಲ," ಎಂದಳು ಚನ್ನಬಸಮ್ಮ. "ಮನೆ ತುಪ್ಪದಲ್ಲಿ ಅರ್ದು ಮೂರು ಮೊಮ್ಮಕ್ಕಳಿಗೂ ತಿಕ್ಕಿದೀನಿ. ಆರು ವಾರ ಆಯ್ತು, ಒಂದು ಕೂದ್ಲೂ ಹುಟ್ಟಿಲ್ಲ. ನಿನ್ನ ಔಷಧಿಗೆ ಬೆಂಕಿ ಹಾಕ!"

ಅವಳ ಸೆರಗು ಹಿಡಿದು ನಿಂತಿದ್ದ ದೊಡ್ಡ ಮೊಮ್ಮಗಳು ಸಣ್ಣಿಯ ನೆತ್ತಿಯ ಮೇಲೆ ಕಾಸಗಲ ಇದ್ದ ಹುಳುಕಡ್ಡಿ ಈಗ ಅಂಗೈಯಗಲ ಆಗಿತ್ತು. ಕಮಟು ತುಪ್ಪದ ವಾಸನೆ ಬೇರೆ. ಶಿವಶಂಕರಪ್ಪನಿಗೆ ರೇಗಿಹೋಯಿತು. ತಲೆಯ ಹುಳುಕಡ್ಡಿಗೆ ಮುಲಾಮು ಸಾಲದು, ಔಷಧ ಹೊಟ್ಟೆಯಿಂದಲೇ ಕೂದಲ ಬುಡ ಸೇರಬೇಕು ಎಂದು ಡಾಕ್ಟರು ಹೇಳಿದ್ದರು. ತಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಎಲ್ಲದಕ್ಕೂ ಬೆಂಗಳೂರಿನ ಮುಖ ನೋಡಬೇಕು. ಮೂರು ಸಲ ಕಾಗದ ಬರೆದು ತರಿಸಿದ ಹೊಸ ಮಾತ್ರೆ! ಜಿಡ್ಡಿನ ಜೊತೆ ನುಂಗಿದರೆ ಚೆನ್ನಾಗಿ ಮೈಗೆ ಹಿಡಿಯುತ್ತದೆಂದು ತುಪ್ಪ ಹೇಳಿದರೆ, ಇವಳು ತಲೆಗೇ ಒಗ್ಗರಣೆ ಹಾಕಿದ್ದಾಳೆ.

"ಯಾವ ಮಹಾನುಭಾವ ಹೇಳಿದ, ಹಚ್ಚು ಅಂತ?"

"ನೀನೇ ಬರ್ದು ಕೊಟ್ಟಿದ್ದಲ್ವಾ? ನಮ್ಮನೇಲಿ ಅಕ್ಷರ ಬರೋದು ಇವಳೊಬ್ಬಳಿಗೇ. ಓದೇ ಸಣ್ಣಿ."

ಸಣ್ಣಿ ಖಾಲಿ ಪೊಟ್ಟಣ ಬಿಡಿಸಿ ಒಂದಕ್ಷರ ತಪ್ಪದೆ ಓದಿದಳು: "ದಿನಾ ತಲೆಗೊಂದು. ತುಪ್ಪದ ಜೊತೆ."

ಅಕ್ಷರ ಅವನದೇ. ಮೂವರು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದು ಎಂಬ ಅರ್ಥದಲ್ಲಿ ಅವಸರಕ್ಕೆ ಗೀಚಿದ್ದ.

"ತಲೆ ವಾಸಿ ಆಗೋತಂಕ ಶಾಲೆ ಮೆಟ್ಲು ಹತ್ತಬ್ಯಾಡ ಅಂದವ್ರೆ ಮೇಷ್ಟ್ರು," ಎಂದಳು ಚನ್ನಬಸಮ್ಮ. "ಇವತ್ತಿಗೂ ವಾಸಿಯಾಗಿ ಬರದಿದ್ರೆ ಹೆಸರು ಹೊಡೆದಾಕ್ತಾರಂತೆ. ಇವಳಪ್ಪ ಕಾಫಿ ಕುಯ್ಯಕ್ಕೆ ಕಳಿಸ್ತೀನಿ ಅಂತ ಕೂತವ್ನೆ."

ಇನ್ನು ಮೊದಲಿನಿಂದ ಆರು ವಾರ ಮಾತ್ರೆ ನುಂಗಬೇಕು. ಶನಿವಾರದ ಸಂತೆ ದಿನ, ಆಸ್ಪತ್ರೆ ಬಾಗಿಲಲ್ಲಿ ಹತ್ತು ಜನ ಕಾಯುತ್ತಿದ್ದರು. "ಕಾಯಲಿ, ನನ್ನ ಬುದ್ಧಿಗಿಷ್ಟು!" ಎಂದು ಗೊಣಗುತ್ತ ಶಿವಶಂಕರಪ್ಪ ಹೆಗಲ ಟವೆಲ್ಲನ್ನು ಸಣ್ಣಿಯ ತಲೆಗೆ ಸುತ್ತಿ, ಅವಳ ಕೈ ಹಿಡಿದುಕೊಂಡು ಶಾಲೆಗೆ ನಡೆದ.

"ಪರಮೇಶಪ್ಪ ಮೇಷ್ಟ್ರೇ, ತಪ್ಪು ನಂದು, ಮಗೂದಲ್ಲ. ದಯವಿಟ್ಟು ಹೆಸರು ಹೊಡೀಬೇಡಿ."

ಮೇಷ್ಟರು ಟವೆಲ್ಲನ್ನೇ ನೋಡಿದರು. "ಹೆಸರು ಇರಲಿ. ಆದ್ರೆ ಮಿಕ್ಕ ಮಕ್ಕಳಿಗೂ ಅಂಟಿದ್ರೆ ಏನ್ರೀ ಗತಿ? ಒಳಗೆ ಸೇರಿಸಲ್ಲ. ಜಗಲಿ ಮೇಲೆ ಕೂತ್ಕೊಳ್ಳಲಿ."

ಒಳಗೆ ಮಕ್ಕಳು ಏಳರ ಮಗ್ಗಿ ಹೇಳುತ್ತಿದ್ದರು. ಸಣ್ಣಿ ಜಗಲಿಯಲ್ಲಿ ಕೂರಲಿಲ್ಲ. ಕೂತರೆ ಕರಿಹಲಗೆ ಕಾಣುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು, ತುದಿಗಾಲಲ್ಲಿ ನಿಂತಳು.