ಗೋಡೆ ಮರದ ಜರ್ದಾಳು

ಟಕ್ ಅಂದಿತು, ಸ್ವಲ್ಪ ಸುಮ್ಮನಾಗಿ ಮತ್ತೆ ಟಕ್ — ಸುತ್ತಿಗೆ ಸಿರಾನುಷಳ ಕೈಯಲ್ಲಿದೆ ಹಾಗಾದರೆ, ಒಂಬತ್ತು ವರ್ಷದ ಈ ಮಗಳು ಹೊಡೆಯುವ ಮೊದಲು ಯೋಚಿಸುತ್ತಾಳೆ, ನನ್ನ ಹಾಗೆಯೇ, ಪಾಪ, ಎಂದುಕೊಂಡಳು ವಾರ್ಸೆನಿಕ್, ಹಿಪ್ಪುನೇರಳೆ ನೆರಳಿನ ಬೆಂಚಿನ ಮೇಲೆ ಕಾಲು ಚಾಚಿಕೊಂಡು, ಎರಡು ಗಂಟೆಯಿಂದ ಬಿಗಿದುಕೊಂಡಿದ್ದ ಭುಜಗಳು ತಾವಾಗಿಯೇ ಕೆಳಗಿಳಿಯುತ್ತಿವೆ, ನರ್ಸ್ ಗೋಹರ್ ಈಗಷ್ಟೇ ಗೇಟು ದಾಟಿದಳು, ಅವಳ ಚಪ್ಪಲಿ ಸದ್ದು ಬೀದಿಯ ತಿರುವಿನಲ್ಲಿ ಇನ್ನೂ ಇದೆ, ಏನೂ ಆಗಿಲ್ಲ ಕಣೇ, ಮಗು ಕಲ್ಲುಗುಂಡಿನ ಹಾಗಿದೆ, ನೀನೊಂದು ಲೋಟ ನೀರು ಕುಡಿ — ಏನೂ ಆಗಿಲ್ಲ, ಈ ಎರಡು ಪದಗಳನ್ನು ಅವಳು ಬಾಯೊಳಗೇ ಇಟ್ಟುಕೊಂಡು ಚೀಪುತ್ತಿದ್ದಾಳೆ, ಎದುರಿಗೆ ಚಾಪೆಯ ಮೇಲೆ ಬಾಡುತ್ತಿರುವ ಜರ್ದಾಳುಗಳ ಸಿಹಿ ವಾಸನೆ, ಒಂದು ಕಣಜ, ಮತ್ತೆ ಟಕ್.

ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು, ಬಿಳಿ ಬೋಗುಣಿಯಲ್ಲಿ ಬಾವಿ ಪಕ್ಕದ ಮರದ ಸಿಹಿ ಗೊರಟೆ, ನೀಲಿಯದರಲ್ಲಿ ಗೋಡೆ ಮರದ್ದು, ಗೋಡೆ ಮರ ಯಾರೂ ನೆಡದೆ ಹುಟ್ಟಿದ್ದು, ಹಣ್ಣು ಪಾಕಕ್ಕೆ ಒಳ್ಳೆಯದು, ತಿರುಳು ಮಾತ್ರ ಕಹಿ ವಿಷ, ಅದರ ಗೊರಟೆ ಒಲೆಗೆ, ಈ ಮನೆಯಲ್ಲಿ ಮಾತು ಬರುವ ಮೊದಲೇ ಮಕ್ಕಳಿಗೆ ಇದು ಗೊತ್ತಾಗುತ್ತದೆ, ಸಿಹಿ ಗೊರಟೆಯನ್ನು ಒಡೆದು ತಿರುಳನ್ನು ಮತ್ತೆ ಅರ್ಧ ಒಣಗಿದ ಹಣ್ಣಿನೊಳಗೆ ತುಂಬಿ ಅಂಗೈಯಲ್ಲಿ ಚಪ್ಪಟೆ ಒತ್ತುವುದು, ಚಳಿಗಾಲಕ್ಕೆ, ಅತ್ತೆ ಹಾಯ್ಕಾನುಷ್ ಹೇಳುವಂತೆ, ಮಗುವನ್ನು ತೊಟ್ಟಿಲಿಗೆ ವಾಪಸು ಹಾಕಿದ ಹಾಗೆ, ಎಲ್ಲ ಸರಿಯಾಗಿತ್ತು, ಆದರೆ ಕಾಲು ಬೋಗುಣಿಗೆ ಎಡವಿತು, ತಾನೇ ಅಂದಳು, ಹೌದು, ಬೇರೆ ಯಾರೂ ಅಲ್ಲ, ಲೋ ಟೋರ್ನಿಕ್, ಎರಡೆರಡು ಯಾಕೋ ದಾರಿಗಡ್ಡ, ಎಲ್ಲ ಒಂದರಲ್ಲೇ ಸುರಿ — ಮಾತನ್ನು ಅಳೆದು ಆಡುವವಳು, ಶಾಲೆಯಲ್ಲಿ ಮಕ್ಕಳ ಪ್ರಬಂಧದ ಒಂದೊಂದು ಸಾಲು ತಿದ್ದುವವಳು, ನೋಡದೆ ಅಂದುಬಿಟ್ಟಳು, ಆರು ವರ್ಷದ ಮಗ ಹುಟ್ಟಿದಾಗಿನಿಂದ ಹೇಳಿದ ಮಾತು ಕೇಳಿದ್ದು ಅದೊಂದೇ ಸಲ. ಆಮೇಲೆ ಅತ್ತೆ ಒಂದು ತಿರುಳು ಕಚ್ಚಿ ಥೂ ಎಂದು ಉಗಿದು, ಇದು ಗೋಡೆ ಮರದ್ದಲ್ವೇನೇ ಅಂದಾಗ ಟೋರ್ನಿಕನ ಕೆನ್ನೆ ಉಬ್ಬಿತ್ತು, ಅವನು ಅಗಿಯುತ್ತಿದ್ದ, ಅವನನ್ನು ಬಿಸಿಲಿಗೆ ಎಳೆದು ಗಲ್ಲ ಹಿಡಿದು ಬಾಯಿ ತೆರೆಸಿದ್ದು, ಮೇಲಿನ ಹಲ್ಲು ಬಿದ್ದ ಜಾಗ, ಗುಲಾಬಿ ನಾಲಿಗೆ, ನಾಲಿಗೆಯ ಮೇಲೆ ಬಿಳಿ ಚೂರು, ಅದು ಯಾವ ಮರದ್ದೆಂದು ಬಾಯಿ ಹೇಳುವುದಿಲ್ಲ, ಎಷ್ಟು ತಿಂದೆ, ಎಷ್ಟೋ, ಹೇಳೋ ಬೇಗ, ಹುಡುಗ ಹೆದರಿ ಹತ್ತು ಅಂದ, ಆಮೇಲೆ ಎರಡು, ಆಮೇಲೆ ಅತ್ತ.

ಗೋಹರ್ ಬಂದು ನಾಡಿ ಹಿಡಿದಳು, ಕಣ್ಣಿಗೆ ಟಾರ್ಚು ಬಿಟ್ಟಳು, ಪಟ್ಟಣದ ಡಾಕ್ಟರಿಗೆ ಫೋನು ಮಾಡಿದಳು, ಎರಡು ಗಂಟೆ ಪಕ್ಕದಲ್ಲೇ ಇರು, ನಿದ್ದೆ ಮಾಡಲು ಬಿಡಬೇಡ, ಉಸಿರು ಹೆಚ್ಚುಕಮ್ಮಿ ಆದರೆ ಕಾರು ಹತ್ತಿಸು ಅಂದರಂತೆ ಡಾಕ್ಟರು, ಎರಡು ಗಂಟೆ ವಾರ್ಸೆನಿಕ್ ನೋಡಿದ್ದು ಒಂದೇ, ಆ ಎದೆ ಏರುವುದು, ಇಳಿಯುವುದು, ಅತ್ತೆ ಪಕ್ಕದಲ್ಲಿ ಗೊಣಗುತ್ತಲೇ ಇದ್ದಳು, ದೇವರು ಇವಳಿಗೆ ಎರಡೇ ಕಣ್ಣು ಕೊಟ್ಟು ತಪ್ಪು ಮಾಡಿದ, ಹಿಂದೆಯೂ ಎರಡು ಇರಬೇಕಿತ್ತು, ಆದರೂ ಮುದುಕಿಯ ಕೈ ಮೊಮ್ಮಗನ ಪಾದ ಬಿಟ್ಟಿರಲಿಲ್ಲ, ನಿನ್ನ ನೋವು ನನಗಿರಲಿ ಮರಿ, ನಿನ್ನ ನೋವು ನನಗಿರಲಿ. ಕೊನೆಗೆ ಗೋಹರಳೇ ಕೇಳಿದ್ದು, ಎಷ್ಟು ತಿಂದೆ ಅಂತಲ್ಲ, ಕಹಿ ಇದ್ದದ್ದನ್ನ ಏನು ಮಾಡಿದೆ ಅಪ್ಪಾ ಅಂತ, ಎಷ್ಟು ಸುಲಭದ ಪ್ರಶ್ನೆ, ತನಗೆ ಹೊಳೆಯಲೇ ಇಲ್ಲ, ಹುಡುಗ ಚಾಪೆಯ ಮೂಲೆ ತೋರಿಸಿದ, ಅವು ರಾಜ್ಮಿಕ್ ತಾತನಿಗೆ. ಯಾಕೋ? ಅವನು ನನ್ನನ್ನ ಹಲ್ಲಿಲ್ಲದ ಮುದುಕ ಅಂತಾನೆ. ನಾಲಿಗೆ ತುದಿಗೆ ತಾಗಿಸಿ ನೋಡಿ, ಕಹಿ ಎಲ್ಲ ತಾತನ ಪಾಲಿನ ಹಣ್ಣಿಗೆ ತುಂಬಿದ್ದ, ಹನ್ನೆರಡು ಹಣ್ಣು, ಅತ್ತೆ ಒಂದೊಂದನ್ನೇ ಬಿಡಿಸಿ ಕಚ್ಚಿ ಉಗಿದಳು, ಥೂ ಇದೂ ಅದೇ, ಥೂ ಇದೂ, ಉಗಿಯುತ್ತ ಉಗಿಯುತ್ತ ನಕ್ಕಳು, ರಾಜ್ಮಿಕನಿಗೆ ಒಂದಾದರೂ ಉಳಿಸ್ರೇ, ನನ್ನ ತಮ್ಮನಿಗೆ ಚಿಕ್ಕಂದಿನಿಂದ ಇಂಥದ್ದೊಂದು ಬಾಕಿ ಇದೆ, ಗೋಹರ್ ನಕ್ಕಳು, ಸಿರಾನುಷ್ ನಕ್ಕಳು, ವಾರ್ಸೆನಿಕ್ ಮಾತ್ರ ಬೆಂಚಿನ ಅಂಚು ಹಿಡಿದು ಕೂತಳು.

ಈಗ ಬೆವರು ಆರಿದೆ, ನೀಲಿ ಬೋಗುಣಿಯನ್ನೂ ಬಿಳಿಯದನ್ನೂ ಅತ್ತೆ ಹಾಗೆಯೇ ಒಲೆಗೆ ಸುರಿದಾಯಿತು, ಮೊನ್ನೆ ಒಡೆದಿಟ್ಟ ಬಾವಿ ಮರದ ತಿರುಳು ಒಂದು ಬಟ್ಟಲಿದೆ, ನಿನ್ನೆಯ ಗೊರಟೆ ಒಂದು ಚೀಲ, ಸಾಕು ಇವತ್ತಿಗೆ, ಮಕ್ಕಳು ಮತ್ತೆ ಶುರುಮಾಡಿದ್ದಾರೆ, ಬೇಡ ಎನ್ನಬೇಕೆಂದುಕೊಂಡಳು, ಆದರೆ ಬೇಡ ಎಂದರೆ ಈ ಹಣ್ಣೇ ಅವರಿಗೆ ಹೆದರಿಕೆಯಾಗಿ ಉಳಿಯುತ್ತದೆ, ಚಿಕ್ಕಂದಿನಲ್ಲಿ ಬೇಡ ಎನ್ನಿಸಿಕೊಂಡ ಬಾವಿ ತನಗೆ ಇನ್ನೂ ಉಳಿದ ಹಾಗೆ, ನಾಯಿ ಉಳಿದ ಹಾಗೆ — ಅಮ್ಮಾ. ಟೋರ್ನಿಕ್ ಎದುರಿಗೆ ನಿಂತಿದ್ದಾನೆ, ಬೆರಳ ನಡುವೆ ಚಪ್ಪಟೆ ಮಾಡಿದ ಹಣ್ಣು, ಅದರ ಮೇಲೆ ಅವನ ಹೆಬ್ಬೆರಳ ಗುರುತು, ನಿಂಗೆ ಮಾಡಿದ್ದು, ಬಾಯಿ ತೆಗಿ. ಬಿಡಿಸಿ ನೋಡಬೇಕು, ಕೈ ಅರ್ಧ ಎದ್ದಿತ್ತು ಆಗಲೇ, ಯಾವಾಗಲೂ ಬಿಡಿಸಿ ನೋಡುವವಳು, ಹಾಲು ಮೂಸುವವಳು, ಹುಡುಗ ಅವಳ ಕೈಯನ್ನೇ ನೋಡಿದ, ನೋಡಬೇಡಮ್ಮಾ, ಸಿಹಿಯದೇ, ಕೈ ಮಡಿಲಿಗೆ ಬಿತ್ತು, ಅವಳು ಬಾಯಿ ತೆರೆದಳು, ಕಚ್ಚಿದಳು, ತಿನ್ನಿಸುವವರ ಬಾಯಿ ತಾನಾಗಿ ತೆರೆಯುವಂತೆ ಅವನದೂ ತೆರೆದಿತ್ತು, ಹಲ್ಲು ಬಿದ್ದ ಜಾಗ, ಗುಲಾಬಿ ನಾಲಿಗೆ, ನಾಲಿಗೆಯ ಮೇಲೆ ಏನೂ ಇಲ್ಲ, ಬರೀ ಬಿಸಿಲು, ತೆರೆದ ಆ ಪುಟ್ಟ ಬಾಯಿಯ ತುಂಬ.